ಟಿಪ್ಪರ್-ಬಹಿಷ್ಕಾರ ಮೀಮಾಂಸೆ

ಸೂತ್ರ 1: ಕೀ ಒಳಗೆ, ಡ್ರೈವರ್ ಹೊರಗೆ, ಎಂಜಿನ್ ಚಾಲೂ, ಇದೇ ಬಹಿಷ್ಕಾರ.
ವ್ಯಾಖ್ಯೆ: ಮೂರು ಲಕ್ಷಣಗಳೂ ಕೂಡಿರಬೇಕು. ಎಂಜಿನ್ ಬಂದಾಗಿದ್ದರೆ ಅದು ಬರೀ ಮರೆವು, ಶಾಸ್ತ್ರದ ವ್ಯಾಪ್ತಿಗೆ ಬಾರದು. ಚಾಲೂ ಇದ್ದರೆ ಡೀಸೆಲ್ಲೂ ಉರಿಯುತ್ತದೆ, ಮಾಲೀಕನ ಹೊಟ್ಟೆಯೂ ಉರಿಯುತ್ತದೆ.

ಸೂತ್ರ 2: ಕ್ಷೇತ್ರ ಮರಿಯಮ್ಮನಹಳ್ಳಿ.
ವ್ಯಾಖ್ಯೆ: ಸಂಡೂರು ಗುಡ್ಡದ ಅದಿರು ಒಂದು ಕಡೆ, 50ನೇ ರಾಷ್ಟ್ರೀಯ ಹೆದ್ದಾರಿ ಇನ್ನೊಂದು ಕಡೆ, ಲಾರಿಗೇನು ಬರ? 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳೂ ನಿಂತವಲ್ಲ, ಅದೂ ಬಹಿಷ್ಕಾರವೇ ಎಂಬುದು ಪೂರ್ವಪಕ್ಷ. ಸಲ್ಲದು. ಆಗ ಕೀ ಜೇಬಿನಲ್ಲೇ ಇತ್ತು, ಕೆಲಸ ಇರಲಿಲ್ಲ.

ಸೂತ್ರ 3: ಕಾರಣತ್ರಯ: ಕಲ್ಲು, ಮೊಣಕೈ, ಗಾಳಿ.
ವ್ಯಾಖ್ಯೆ: ಹಿಂದಿನ ಜೋಡಿ ಗಾಲಿಯ ನಡುವೆ ಕಲ್ಲು ಸಿಕ್ಕಿದೆಯೆಂದು ಡ್ರೈವರ್ ಇಳಿಯುತ್ತಾನೆ. ಮೊಣಕೈ ತಾಗಿ ಲಾಕಿನ ಗುಂಡಿ ಕೆಳಗಿಳಿಯುತ್ತದೆ. ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ. ನಾಲ್ಕನೆಯ ಕಾರಣ ಕ್ಲೀನರ್ ಎಂದು ಡ್ರೈವರರ ಮತ.
“ಯಾಕಲೇ ನೀನೂ ಇಳದಿ?”
“ನೀವ ಕರದ್ರಲ್ಲಣ್ಣ, ಕಲ್ಲು ತೆಗಿಯಾಕ.”
ಈ ವಾದಕ್ಕೆ ಇದುವರೆಗೆ ಯಾರೂ ಖಂಡನೆ ಬರೆದಿಲ್ಲ.

ಸೂತ್ರ 4: ಪ್ರೇಕ್ಷಕರು ಸಹೃದಯರು.
ವ್ಯಾಖ್ಯೆ: ಬೇರೆ ಊರಲ್ಲಿ ಸೇರುವುದು ಗುಂಪು. ಇದು ನಾಟಕದ ಊರು. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಊರು. ಕಲೆಯ ರುಚಿ ಬಲ್ಲ ಜನ. ಡ್ರೈವರ್ ಹಾಕಿದ ಬಾಗಿಲಿನ ಹ್ಯಾಂಡಲ್ಲನ್ನು ಮತ್ತೆ ಮತ್ತೆ ಜಗ್ಗುವಾಗ ಹಿಂದಿನಿಂದ “ಒನ್ಸ್ ಮೋರ್” ಕೇಳಿಬಂದರೆ ಅದನ್ನು ಅವಮಾನವೆಂದು ಎಣಿಸಬಾರದು.

ಸೂತ್ರ 5: ಪರಿಹಾರದಲ್ಲಿ ಮತಭೇದ.
ವ್ಯಾಖ್ಯೆ: ಕಲ್ಲುವಾದಿಗಳು ಗ್ಲಾಸು ಒಡೆ ಎನ್ನುತ್ತಾರೆ. ಗಾಲಿಯಿಂದ ತೆಗೆದ ಕಲ್ಲು ಹೇಗೂ ಕೈಯಲ್ಲಿದೆ. ಆದರೆ ಗ್ಲಾಸಿನ ದುಡ್ಡನ್ನು ಪಗಾರದಲ್ಲಿ ಮುರಿದುಕೊಳ್ಳುವುದರಿಂದ ಈ ಮತಕ್ಕೆ ಡ್ರೈವರರಲ್ಲಿ ಅನುಯಾಯಿಗಳು ಕಡಿಮೆ. ತಂತಿವಾದಿಗಳು ಬೈಂಡಿಂಗ್ ವೈರಿನ ತುದಿ ಬಗ್ಗಿಸಿ, ಬಾಗಿಲಿನ ರಬ್ಬರ್ ಸರಿಸಿ ಒಳಗೆ ತೂರಿಸಿ, ಗುಂಡಿಗೆ ಕೊಕ್ಕೆ ಹಾಕಿ ಎತ್ತುತ್ತಾರೆ. ಗುಂಡಿ ನುಣ್ಣಗಿದ್ದು ಕೊಕ್ಕೆ ಜಾರಿದರೆ ಒಳಗಿನ ಹ್ಯಾಂಡಲ್ಲಿಗೇ ಸಿಕ್ಕಿಸಿ ಎಳೆಯತಕ್ಕದ್ದು. ಗುಟ್ಟೇನೆಂದರೆ, ತಂತಿ ಇರುವುದೂ ಕೈ ಪಳಗಿರುವುದೂ ಕ್ಲೀನರನಲ್ಲಿ. ಆದ್ದರಿಂದ ಅವನಿಗೆ ಬೈಯುವುದನ್ನು ಬಾಗಿಲು ತೆರೆಯುವವರೆಗೆ ಮುಂದೂಡಬೇಕೆಂಬುದು ಸಿದ್ಧಾಂತ.

ಫಲಶ್ರುತಿ: ಇದನ್ನು ನಿತ್ಯ ಪಠಿಸುವ ಡ್ರೈವರನು ಹೊಸಪೇಟೆಗೆ ಹೋಗಿ ಎರಡನೇ ಕೀ ಮಾಡಿಸುವನು. ಕಳೆಯಬಾರದೆಂದು ಅದನ್ನು ಜೋಪಾನವಾಗಿ ಡ್ಯಾಶ್‌ಬೋರ್ಡಿನೊಳಗೇ ಇಡುವನು.