ದಾರುವೃತ್ತಿಶಾಸ್ತ್ರ ಪ್ರವೇಶಿಕೆ

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮುಖವಾಡಗಳನ್ನೂ ದಾರುಪ್ರತಿಮೆಗಳನ್ನೂ ಕುರಿತು ಬರೆದ ಪೂರ್ವಾಚಾರ್ಯರು ಬಹುಪಾಲು ರೂಪವಾದಿಗಳು. ಮೂಗು ಎಷ್ಟು ನೀಳ, ಹಣೆ ಎಷ್ಟು ಉಬ್ಬು, ಉಳಿಯ ಗುರುತು ಯಾವ ಸೀಮೆಯದು ಎಂಬುದೇ ಅವರ ಜಿಜ್ಞಾಸೆ. ಅವರ ಪರಿಶ್ರಮ ವಂದನೀಯ. ಆದರೆ ತಹಶೀಲ್ದಾರರನ್ನು ಮೀಸೆಯ ಆಕಾರದಿಂದ ವರ್ಗೀಕರಿಸಿದರೆ ಕಂದಾಯ ಇಲಾಖೆಯ ಸ್ವರೂಪ ತಿಳಿಯುವುದಿಲ್ಲ. ಮರವು ಯಾವ ಹುದ್ದೆಯಲ್ಲಿದೆ, ಅದರ ಊಟೋಪಚಾರ ಯಾರ ಹೊಣೆ, ಅದಕ್ಕೆ ರಜೆ ಯಾವಾಗ ಎಂಬ ಪ್ರಾಥಮಿಕ ಪ್ರಶ್ನೆಗಳಿಗೆ ಮೀಸಲಾದ ಶಾಸ್ತ್ರವೊಂದು ಇರಲಿಲ್ಲ. ಆ ನ್ಯೂನತೆಯ ಪರಿಹಾರಾರ್ಥವಾಗಿ ದಾರುವೃತ್ತಿಶಾಸ್ತ್ರವನ್ನು ಇಲ್ಲಿ ಸ್ಥಾಪಿಸಲಾಗಿದೆ.

ಲಕ್ಷಣಪ್ರಕರಣ. ನಿಯತವಾದ ಕರ್ತವ್ಯ, ನಿಯತವಾದ ಪೋಷಣೆ, ಗೈರುಹಾಜರಾದರೆ ವಿಚಾರಿಸುವ ಜನ, ಈ ಮೂರೂ ಯಾವ ಮರಕ್ಕುಂಟೋ ಅದು ವೃತ್ತಿಮದ್ದಾರು. ಬಾಗಿಲಿಗೂ ಕರ್ತವ್ಯವಿದೆ, ಕಾಣೆಯಾದರೆ ಕೇಳುವವರೂ ಇದ್ದಾರೆ. ಪೋಷಣೆಯಿಲ್ಲದ ಕಾರಣ ಅತಿವ್ಯಾಪ್ತಿ ದೋಷ ತಟ್ಟದು. ನಮ್ಮ ಹೊಸ್ತಿಲಿಗೆ ದಿನವೂ ಅರಿಸಿನ ಕುಂಕುಮ ಸಲ್ಲುತ್ತದಲ್ಲ ಎಂಬ ಆಕ್ಷೇಪ ಗಂಭೀರವಾದದ್ದು. ಅದನ್ನು ಪರಿಶಿಷ್ಟಕ್ಕೆ ಮುಂದೂಡಿದ್ದೇವೆ.

ವೃತ್ತಿಮದ್ದಾರು ದ್ವಿವಿಧ: ಚರ ಮತ್ತು ಸ್ಥಿರ. ನರ್ತಕನ ದೇಹವನ್ನು ವಾಹನವಾಗಿ ಪಡೆದದ್ದು ಚರದಾರು.

ಚರದಾರುವಿನ ಪ್ರಥಮ ಪ್ರಭೇದ ಅಗ್ನಿಪರಿವೀಕ್ಷಕ. ಇದರ ಕಾರ್ಯಕ್ಷೇತ್ರ ಲೈಬೀರಿಯ ಮತ್ತು ಐವರಿ ಕೋಸ್ಟ್‌ಗಳ ಡಾನ್ ಜನರ ಊರುಗಳು. ಮಳೆಯಿಲ್ಲದ ತಿಂಗಳುಗಳಲ್ಲಿ ಒಣಗಾಳಿ ಏಳುವ ಮುನ್ನ ಹೆಂಗಸರು ಒಲೆ ಆರಿಸಿದ್ದಾರೋ ಇಲ್ಲವೋ ಎಂದು ಮನೆಮನೆ ಸುತ್ತಿ ಪರೀಕ್ಷಿಸುವುದು, ಆರಿಸದವರನ್ನು ಶಿಕ್ಷಿಸುವುದು ಇದರ ಕರ್ತವ್ಯ. ಕಣ್ಣಿನ ರಂಧ್ರಗಳನ್ನು ದುಂಡಗೆ, ವಿಶಾಲವಾಗಿ ಕೊರೆದಿರುತ್ತಾರೆ. ತನಿಖಾಧಿಕಾರಿಗೆ ಇದು ಯುಕ್ತವೇ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿರಬೇಕೆಂದು ಶತಮಾನಗಳ ಕಾಲ ಅನುಮಾನಿಸಿದ ನಮ್ಮ ನೈಯಾಯಿಕರಿಗೆ ಒದಗದ ಸೌಕರ್ಯ ಇದಕ್ಕೊದಗಿದೆ: ಒಲೆಯ ಬುಡಕ್ಕೇ ಹೋಗಿ ಬಗ್ಗಿ ನೋಡಬಹುದು. ಆದ್ದರಿಂದ ಈ ಪ್ರಭೇದವನ್ನು ಪ್ರತ್ಯಕ್ಷಪ್ರಮಾಣವಾದಿ ಎಂದು ನಿರ್ಣಯಿಸಲಾಗಿದೆ.

ದ್ವಿತೀಯ ಪ್ರಭೇದ ಧಾವಕ. ಅದೇ ಡಾನ್ ಜನರಲ್ಲಿ ಓಡುವುದೇ ವೃತ್ತಿಯಾದ ಮುಖವಾಡವೊಂದುಂಟು. ಮುಖವಾಡವಿಲ್ಲದ ಯುವಕನೊಬ್ಬ ಅದನ್ನು ಬೆನ್ನಟ್ಟುತ್ತಾನೆ. ಹಿಡಿದನೋ, ಮುಂದಿನ ಓಟದಲ್ಲಿ ಅದನ್ನು ಧರಿಸುವ ಹಕ್ಕು ಅವನದು. ಇದರ ಕಣ್ಣುಗಳೂ ದುಂಡಗೇ ಇವೆ. ಇಲ್ಲಿಯೇ ರೂಪವಾದದ ಪರಾಭವ: ಕಣ್ಣಿನ ಆಕಾರ ಒಂದೇ ಆದ ಮಾತ್ರಕ್ಕೆ ಅಗ್ನಿಶಾಮಕನನ್ನೂ ಓಟಗಾರನನ್ನೂ ಒಂದೇ ಕಪಾಟಿನಲ್ಲಿಟ್ಟರೆ ಊರು ಸುಟ್ಟುಹೋದೀತು. ಮೂರನೆಯ ಪ್ರಭೇದವಾದ ಭಿಕ್ಷಾಟಕ ಅರೆಗಣ್ಣಿನದು, ಸೌಮ್ಯಮುಖದ್ದು. ಸುನ್ನತಿಗಾಗಿ ಕಾಡಿನ ಶಿಬಿರದಲ್ಲಿರುವ ಹುಡುಗರಿಗೆಂದು ಊರ ಹೆಂಗಸರಿಂದ ಅಡುಗೆ ಬೇಡಿ ತರುವುದು ಅದರ ಕೆಲಸ. ಇಲ್ಲೊಂದು ಪದೋನ್ನತಿಸೂತ್ರವನ್ನು ಹೇಳಲೇಬೇಕು. ಡಾನ್ ಮುಖವಾಡವು ತನ್ನ ಆಯುಷ್ಯದಲ್ಲಿ ಹುದ್ದೆ ಬದಲಿಸಬಲ್ಲದು; ಕಿರಿಯ ಸ್ಥಾನದಲ್ಲಿ ಸೇವೆಗೆ ಸೇರಿ ವ್ಯಾಜ್ಯ ತೀರಿಸುವ ಹಿರಿಯ ಸ್ಥಾನಕ್ಕೇರಿದವು ಇವೆ. ಮೂಗು ಅದೇ, ಗೌರವ ಬೇರೆ.

ನಾಲ್ಕನೆಯದು ಕೃಷಿಪ್ರಚೋದಕ. ಮಾಲಿಯ ಬಮಾನಾ ರೈತರ ಚಿವಾರಾ ಎಂಬ ಜಿಂಕೆಕೊಂಬಿನ ಶಿರೋದಾರು ಮುಖವನ್ನು ಮುಚ್ಚುವುದೇ ಇಲ್ಲ. ಹೆಣೆದ ಟೋಪಿಗೆ ಕಟ್ಟಿ ನೆತ್ತಿಯ ಮೇಲೆ ನಿಲ್ಲಿಸುತ್ತಾರೆ. ಸದಾ ದಂಪತಿಯಾಗಿಯೇ ಕುಣಿಯಬೇಕು. ಗಂಡಿಗೆ ಜಾಲರಿಯಂತೆ ಕೊರೆದ ಕೇಸರ, ಹೆಣ್ಣಿನ ಬೆನ್ನ ಮೇಲೆ ಮರಿ. ಎರಡನ್ನೂ ಹೊರುವವರು ಗಂಡಸರೇ. ಇದಕ್ಕೆ ಪ್ರತಿಯಾಗಿ ಸಿಯೆರಾ ಲಿಯೋನಿನ ಮೆಂಡೆ ಜನರ ಸಾಂಡೆ ಸಂಘದಲ್ಲಿ, ಕಪ್ಪಗೆ ಮಿರುಗುವ, ಕತ್ತಿನಲ್ಲಿ ಮಡಿಕೆ ಮಡಿಕೆಯಾದ ಬಳೆಗಳುಳ್ಳ ಮುಖವಾಡವನ್ನು ಕೆತ್ತುವವರು ಗಂಡಸರು, ಧರಿಸುವವರು ಹೆಂಗಸರು. ಆಫ್ರಿಕಾದಲ್ಲಿ ಇಂಥ ವ್ಯವಸ್ಥೆ ಅತಿ ವಿರಳ. ಇದನ್ನು ಸ್ತ್ರೀವಾಹ್ಯ ಎಂಬ ಸ್ವತಂತ್ರ ಉಪವರ್ಗವಾಗಿ ಅಂಗೀಕರಿಸಿದ್ದೇವೆ.

ಮಾಲಿಯ ಬಾಂಡಿಯಾಗರಾ ಬಂಡೆಸಾಲಿನ ಡೊಗೊನ್ ಜನರದು ಮೃತಪ್ರಸ್ಥಾಪಕ. ಶವಸಂಸ್ಕಾರವಾಗಿ ವರ್ಷಗಳ ಮೇಲೆ ನಡೆಯಬಹುದಾದ ದಾಮಾ ಎಂಬ ಕ್ರಿಯೆಯಲ್ಲಿ ಸತ್ತವರ ಆತ್ಮವನ್ನು ಊರಾಚೆಗೆ ಬೀಳ್ಕೊಡುವುದು ಇದರ ಹೊಣೆ. ಕಾನಾಗಾ ಎಂಬ ಜೋಡಡ್ಡೆಯ ಮುಖವಾಡ ಹೊತ್ತವನು ಸೊಂಟದಿಂದ ಗಿರ್ರನೆ ತಿರುಗಿ ಅದರ ತುದಿಯನ್ನು ನೆಲಕ್ಕೆ ಸವರುತ್ತಾನೆ, ಧೂಳೇಳುತ್ತದೆ, ಕತ್ತು ಉಳಿದರೆ ಮತ್ತೊಮ್ಮೆ. ಇದೇ ಜನರಲ್ಲಿ ದೀರ್ಘಾವಕಾಶಿ ಎಂಬ ಪ್ರಭೇದವೂ ದೊರೆಯುತ್ತದೆ. ಸರ್ಪಾಕಾರದ ಮಹಾಮುಖವಾಡವನ್ನು ಯಾರೂ ಧರಿಸುವುದಿಲ್ಲ. 60 ವರ್ಷಕ್ಕೊಮ್ಮೆ ಬರುವ ಸಿಗಿ ಉತ್ಸವಕ್ಕಾಗಿ ಹೊಸದನ್ನು ಕೆತ್ತುತ್ತಾರೆ. ಕಳೆದ ಸಿಗಿ 1967ರಿಂದ 1973ರವರೆಗೆ ಊರಿಂದೂರಿಗೆ ಸಾಗಿತು. ಚಲನಚಿತ್ರಕಾರ ಜಾನ್ ರೂಷ್ ಅದನ್ನು ಚಿತ್ರೀಕರಿಸಿದರು. ಮುಂದಿನದರ ಲೆಕ್ಕ 2027ಕ್ಕೆ ಬೀಳುತ್ತದೆ. ಆರು ದಶಕಗಳ ಈ ಬಿಡುವಿನಿಂದ ನಿಯತಕರ್ತವ್ಯಕ್ಕೆ ಭಂಗ ಬಂತೇ? ಬರಲಿಲ್ಲ. ನಿಯತವೆಂದರೆ ಪದೇ ಪದೇ ಎಂದು ಯಾವ ಸೂತ್ರದಲ್ಲೂ ಹೇಳಿಲ್ಲ.

ಇನ್ನು ಸ್ಥಿರದಾರು. ಇದರಲ್ಲಿ ಸರ್ವಾಧಿಕ ಸೂಕ್ಷ್ಮವಾದದ್ದು ಐವರಿ ಕೋಸ್ಟಿನ ಬೌಲೆ ಜನರ ದಾಂಪತ್ಯದಾರು. ಪ್ರತಿಯೊಬ್ಬರಿಗೂ ಹುಟ್ಟುವ ಮೊದಲೇ ಆಚೆ ಲೋಕದಲ್ಲಿ ಒಬ್ಬ ಸಂಗಾತಿಯಿರುತ್ತಾರೆಂದು ಅವರ ನಂಬಿಕೆ. ಹೆಣ್ಣಾದರೆ ಬ್ಲೋಲೋ ಬ್ಲಾ, ಗಂಡಾದರೆ ಬ್ಲೋಲೋ ಬಿಯಾನ್. ಇಲ್ಲಿನ ಸಂಸಾರ ಸರಿಹೋಗದಿದ್ದರೆ, ಮಕ್ಕಳಾಗದಿದ್ದರೆ, ಕಣಿ ಹೇಳುವವರು ಅಲ್ಲಿನ ಸಂಗಾತಿಯ ಮುನಿಸನ್ನು ಪತ್ತೆಮಾಡುತ್ತಾರೆ. ಆಗ ಪ್ರತಿಮೆ ಕೆತ್ತಿಸಬೇಕು. ಕೂದಲನ್ನು ಎಳೆ ಎಳೆಯಾಗಿ ಬಾಚಿ ಹೆಣೆದಂತೆ, ಮೀನಖಂಡ ತುಂಬಿಕೊಂಡಂತೆ, ಒಟ್ಟಿನಲ್ಲಿ ಮರಕ್ಕೆ ಬೇಸರವಾಗದಂತೆ ಕೆತ್ತಿಸಬೇಕು. ವಾರದಲ್ಲಿ ಒಂದು ರಾತ್ರಿ ಆ ಸಂಗಾತಿಗೆ ಮೀಸಲು. ಅಂದು ಮನುಷ್ಯಸಂಗಾತಿ ಬೇರೆ ಮಲಗತಕ್ಕದ್ದು. ಹೀಗೆ ಪ್ರತಿಮೆಯದು ಸಪ್ತಮಾಂಶವೃತ್ತಿ, ಜೀವಂತ ಸಂಗಾತಿಯದು ಷಟ್‌ಸಪ್ತಮಾಂಶವೃತ್ತಿ. ಹೆಚ್ಚು ದಿನ ದುಡಿಯುವವರಿಗೆ ಹೆಚ್ಚು ಉಪಚಾರವೆಂಬ ನಿಯಮವನ್ನು ಈ ಶಾಸ್ತ್ರ ಎಲ್ಲಿಯೂ ಪ್ರತಿಪಾದಿಸಿಲ್ಲವೆಂದು ವಿವಾಹಿತ ಓದುಗರು ಗಮನಿಸಬೇಕು.

ಎರಡನೆಯದು ಅಪತ್ಯದಾರು. ನೈಜೀರಿಯಾದ ಯೊರುಬಾ ಜನರಲ್ಲಿ ಅವಳಿ ಹೆರಿಗೆಯ ಪ್ರಮಾಣ ಲೋಕದಲ್ಲೇ ಅತ್ಯಧಿಕವಾದವುಗಳಲ್ಲೊಂದು. ಅವಳಿಯಲ್ಲಿ ಒಂದು ಮಗು ತೀರಿಕೊಂಡರೆ ಇಬೆಜಿ ಪ್ರತಿಮೆ ಕೆತ್ತಿಸುತ್ತಾರೆ. ತಾಯಿ ಅದಕ್ಕೆ ಸ್ನಾನ ಮಾಡಿಸುತ್ತಾಳೆ, ಉಣಿಸುತ್ತಾಳೆ, ಮೈಗೆ ಕೆಂಪು ಮರದ ಪುಡಿ ಪೂಸುತ್ತಾಳೆ. ತಲೆಗೂದಲಿಗೆ ಬಟ್ಟೆಗೆ ಹಾಕುವ ನೀಲಿಯನ್ನೂ ಹಚ್ಚುವುದುಂಟು. ವರ್ಷಗಟ್ಟಲೆ ತೊಳೆದು ತೀಡಿ ಕಣ್ಣು ಮೂಗು ನುಣ್ಣಗೆ ಅಳಿದುಹೋಗುತ್ತವೆ. ರೂಪವಾದಿಗಳು ಇದನ್ನು ಸವಕಳಿಯೆಂದು ದಾಖಲಿಸುತ್ತಾರೆ. ನಮ್ಮ ಪರಿಭಾಷೆಯಲ್ಲಿ ಇದು ಸೇವಾಪುಸ್ತಕ.

ಮೂರನೆಯದು ಪ್ರತಿಜ್ಞಾಸಾಕ್ಷಿ: ಕಾಂಗೋ ಜನರ ಎನ್ಕಿಸಿ ಎನ್ಕೊಂಡಿ. ಮೈತುಂಬ ಮೊಳೆ, ಅಲಗು. ಹೊಟ್ಟೆಯಲ್ಲಿ ಔಷಧಿ ತುಂಬಿ ಕನ್ನಡಿಯಿಂದ ಮುಚ್ಚಿದ ಗೂಡು. ಕರಾರು, ಆಣೆ, ದೂರು, ಯಾವುದೇ ಇರಲಿ, ಎನ್‌ಗಂಗಾ ಎಂಬ ಕರ್ಮನಿಪುಣ ಒಂದು ಮೊಳೆ ಹೊಡೆದು ಅದನ್ನು ಎಚ್ಚರಿಸುತ್ತಾನೆ. ಮಾತು ತಪ್ಪಿದವನನ್ನು ಅದು ಹುಡುಕಿಕೊಂಡು ಹೋಗುತ್ತದೆ. ಮೊಳೆ ಕಂಡು ಹಿಂಸೆಯೆಂದು ಕನಿಕರಪಡುವವರು ದಫ್ತರಿನಲ್ಲಿ ಕಡತ ಹೆಚ್ಚಿದ್ದನ್ನು ಕಂಡು ಕಪಾಟಿಗಾಗಿ ಅಳತಕ್ಕದ್ದು. ಗಬಾನಿನ ಕೋಟಾ ಜನರ ತಾಮ್ರ ಹಿತ್ತಾಳೆ ಹೊದಿಸಿದ ಅಸ್ಥಿರಕ್ಷಕ ಪ್ರತಿಮೆಗಳು ಕೇವಲ ಕಾವಲುಗಾರರು, ವಿಸ್ತರಣೆ ಬೇಡ.

ಕಾಂಗೋದ ಲೆಗಾ ಜನರು ಮಾತ್ರ ನಮ್ಮ ವಿಭಾಗಕ್ರಮಕ್ಕೆ ಕಂಟಕಪ್ರಾಯರು. ಅವರ ಬ್ವಾಮಿ ಸಂಘದ ಗಡ್ಡದ ಕಿರುಮುಖವಾಡಗಳನ್ನು ತೋಳಿಗೆ ಕಟ್ಟುತ್ತಾರೆ, ಬೇಲಿಗೆ ತೂಗುಹಾಕುತ್ತಾರೆ, ಕೈಯಲ್ಲಿ ಹಿಡಿಯುತ್ತಾರೆ, ಗಡ್ಡ ಹಿಡಿದು ನೆಲದ ಮೇಲೆ ಎಳೆಯುತ್ತಾರೆ. ಎಳೆಯಲ್ಪಡುತ್ತಿರುವಾಗ ಇದು ಚರ, ಬೇಲಿಯ ಮೇಲೆ ಸ್ಥಿರ. ಉಭಯಚರಸ್ಥಿರ ಎಂಬ ವರ್ಗವನ್ನು ಅಗತ್ಯಕ್ಕೆ ಕಲ್ಪಿಸಿದ್ದೇವೆ. ಇದರಿಂದ ನಮಗೂ ತೃಪ್ತಿಯಿಲ್ಲ.

ಅಂತಿಮ ಪ್ರಕರಣ ನಿವೃತ್ತದಾರು, ಅಂದರೆ ಗಾಜಿನ ಪೆಟ್ಟಿಗೆಯೊಳಗಿನದು. ಹೊಸ ಮೊಳೆಯಿಲ್ಲ, ಸ್ನಾನವಿಲ್ಲ, ಚಿವಾರಾದ ಟೋಪಿಯಿಲ್ಲ, ಮುಖವಾಡದ ಕೆಳಗಿನ ನಾರಿನ ಉಡುಪಿಲ್ಲ. ನಿವೃತ್ತಿಯ ವಿಧಾನಗಳಲ್ಲಿ ಕೆಲವು ವಿಚಿತ್ರ. 1931ರಲ್ಲಿ ದಾಕರ್–ಜಿಬೂಟಿ ಸಂಶೋಧನಾ ತಂಡ ಮಾಲಿಯ ಹಳ್ಳಿಯೊಂದರಲ್ಲಿ 10 ಫ್ರಾಂಕ್ ಮುಂದಿಟ್ಟು, ಬೆದರಿಸಿ, ಊರವರ ಪೂಜಾವಸ್ತುವನ್ನು ಹೊತ್ತೊಯ್ದಿತು. ತಂಡದವರೇ ಆದ ಮಿಶೆಲ್ ಲೆರಿಸ್ 1934ರ ತಮ್ಮ ಗ್ರಂಥದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಇದನ್ನು ಸ್ವಯಂನಿವೃತ್ತಿಯೆನ್ನಲು ಪ್ರಮಾಣ ಸಾಲದು.

ಇಲ್ಲಿ ಪೂರ್ವಪಕ್ಷ: 1892ರಲ್ಲಿ ಫ್ರೆಂಚ್ ಸೇನೆ ಅಬೋಮೆ ಅರಮನೆಯಿಂದ ಒಯ್ದ, ಅರೆ ಹಕ್ಕಿ, ಅರೆ ಸಿಂಹ, ಅರೆ ಶಾರ್ಕ್ ರೂಪದ ಮೂರು ರಾಜಪ್ರತಿಮೆಗಳು ಇತರ 23 ವಸ್ತುಗಳೊಡನೆ 2021ರ ನವೆಂಬರಿನಲ್ಲಿ ಬೆನಿನ್ ದೇಶಕ್ಕೆ ಮರಳಿವೆಯಲ್ಲ, ಅವು ಪುನರ್ನಿಯುಕ್ತವೇ? ಸಿದ್ಧಾಂತ: ಅಲ್ಲ. 2016ರಲ್ಲಿ ಬೆನಿನ್ ಸರ್ಕಾರ ಅವನ್ನು ಅಧಿಕೃತವಾಗಿ ಕೇಳಿತ್ತು, ನಿರಾಕರಣೆಯೂ ಬಂದಿತ್ತು. ವಿಚಾರಿಸುವ ಜನರಿರುವ ದಾರುವಿಗೆ ನಿವೃತ್ತಿಯೇ ಸಂಭವಿಸದು. 129 ವರ್ಷ ಅವು ಬಲಾದನುಪಸ್ಥಿತ ಮಾತ್ರ. ಹಾಗಿದ್ದರೆ ಆ ಅವಧಿಯ ಬಾಕಿ ಪೋಷಣೆಯನ್ನು ತೆರಬೇಕಾದವರು ಯಾರು, ಬಡ್ಡಿ ಯಾವ ದರದಲ್ಲಿ ಎಂಬ ಪ್ರಶ್ನೆಗಳು ದಾರುವೃತ್ತಿಶಾಸ್ತ್ರದ ಎಲ್ಲೆಯಾಚೆಗಿನವು. ಅವುಗಳಿಗಾಗಿ ದಾರುಋಣಶಾಸ್ತ್ರವೆಂಬ ಬೇರೊಂದನ್ನು ಹುಟ್ಟುಹಾಕಬೇಕಾಗುತ್ತದೆ. ಪ್ಯಾರಿಸ್ಸಿನ ಕೇ ಬ್ರಾನ್ಲಿ ಸಂಗ್ರಹಾಲಯ ಒಂದರಲ್ಲೇ ಸಹಾರಾದ ದಕ್ಷಿಣದಿಂದ ಬಂದ ಸುಮಾರು 70,000 ವಸ್ತುಗಳಿರುವುದರಿಂದ ಉದಾಹರಣೆಗಳ ಕೊರತೆ ಬಾರದು.