ಕೋಚ್ ಬದಲಾದ, ಮುಂದ?

(ಶಾಂತಿನಗರ. ಚಾ ಹೋಟೆಲು. ಮಾವ ಬಸಿಯೊಳಗ ಚಾ ಸುರುವಿಕೊಂಡು ಊದುತ್ತಿದ್ದಾನೆ.)

ಮಾವ: ಯಾಕೋ ಅಳಿಯಾ, ಮಾರಿ ಸಣ್ಣ ಮಾಡ್ಕೊಂಡು ಕುಂತಿ?

ಅಳಿಯ: ಫುಟ್‌ಬಾಲ್ ರೀ ಮಾವ. ಸಿಂಗಪುರದವ್ರು ಗೋವಾಕ್ಕ ಬಂದು 2-1 ಸೋಲಿಸಿ ಹೋದ್ರು. 2027ರ ಏಷ್ಯಾ ಕಪ್ ಕೈ ತಪ್ತು.

ಮಾವ: ಕೋಚ್‌ನ್ನ ಬದಲ್ ಮಾಡ್ಬೇಕಿತ್ತು.

ಅಳಿಯ: ಅದೊಂದು ಕೆಲ್ಸ ತಪ್ಪದಂಗ ಮಾಡ್ಯಾರ್ರಿ! 2024ರ ಜೂನ್‌ದಾಗ ಕ್ರೊಯೇಷಿಯಾದ ಸ್ಟಿಮಾಚ್‌ನ್ನ ತೆಗೆದ್ರು. ಆಮ್ಯಾಲ ಸ್ಪೇನಿನ ಮನೋಲೊ. ಗೋವಾ ಕ್ಲಬ್ಬಿಗೂ ಅವನೇ, ದೇಶಕ್ಕೂ ಅವನೇ.

ಮಾವ: ಎರಡೂರಿಗೆ ಒಬ್ಬನೇ ಲೈನ್‌ಮನ್ ಇದ್ದಂಗ. ನಮ್ಮೂರಿಗೆ ಕರೆಂಟ್ ಬಂತೇನು?

ಅಳಿಯ: ವರ್ಷದಾಗ ಅವನೂ ಹೋದ. 2025ರ ಆಗಸ್ಟ್‌ದಾಗ ಖಾಲಿದ್ ಜಮೀಲ್ ಬಂದ್ರು.

ಮಾವ: ಗೋಲ್ ಹೊಡಿಯೋರು ಯಾರಿದ್ರು?

ಅಳಿಯ: ಸುನಿಲ್ ಛೆಟ್ರಿ.

ಮಾವ: ಅವ ರಿಟೈರ್ ಆಗಿದ್ನಲ್ಲೋ!

ಅಳಿಯ: 2024ರಾಗ ಆಗಿದ್ದ. ಮುಂದಿನ ಮಾರ್ಚ್‌ದಾಗ ವಾಪಸ್ ಕರೆಸಿದ್ರು. ಆಗ ವಯಸ್ಸು ನಲ್ವತ್ತು. ಬಂದವ್ನೇ ಮಾಲ್ಡೀವ್ಸ್ ಮ್ಯಾಲ ಗೋಲ್ ಹೊಡ್ದ.

ಮಾವ: ಭಲೇ! ಯುವ ಆಟಗಾರರನ್ನ ಬೆಳೆಸೋದು ಅಂದ್ರ ಇದೇ ಏನು?

ಅಳಿಯ: ನಮ್ಮ ಹುಡುಗ್ರಿಗೆ ಆಡ್ಲಿಕ್ಕ ಜಾಗ ಎಲ್ಲದ ಮಾವ? ಖಾಲಿ ಜಾಗದಾಗೆಲ್ಲ ಬೀಜದ ಹತ್ತಿ. ಸಿಕ್ಕ ಚೂರಿನಾಗ ಕ್ರಿಕೆಟ್.

ಮಾವ: ಕೋಚ್ ಅಂದ್ರ ಹೈದರಾಬಾದಿನ ರಹೀಂ ಸಾಹೇಬ್ರು. ಸಾಲಿ ಮಾಸ್ತರು ಇದ್ರಪ್ಪ. 1951ರಾಗ ದಿಲ್ಲಿಯ ಏಷ್ಯನ್ ಗೇಮ್ಸ್ ಚಿನ್ನ, 56ರಾಗ ಮೆಲ್ಬರ್ನ್ ಒಲಿಂಪಿಕ್ಸ್‌ದಾಗ ನಾಲ್ಕನೇ ಜಾಗ, 62ರಾಗ ಜಕಾರ್ತಾದ ಚಿನ್ನ. ಮೂರಕ್ಕೂ ಅವ್ರೇ ಕೋಚ್.

ಅಳಿಯ: ಅವ್ರನ್ನ ಯಾವಾಗ ಬದಲ್ ಮಾಡಿದ್ರು?

ಮಾವ: ಬದಲ್ ಮಾಡ್ಲಿಲ್ಲೋ. 1963ರಾಗ ತೀರಿಕೊಂಡ್ರು. ಏಷ್ಯನ್ ಗೇಮ್ಸ್ ಫುಟ್‌ಬಾಲ್ ಚಿನ್ನ ಮತ್ತ ಬಂದಿಲ್ಲ.