ಬಗರ್‌ಹುಕುಂ ಲಂಟಾನಮ್ಮನವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲಂಟಾನಮ್ಮನವರಿಗೆ,

ರಾಗಿ ಬೆಳೆಯುವವನ ಸಾಷ್ಟಾಂಗ ನಮಸ್ಕಾರಗಳು.

ಒಂದೆಕರೆ ಬಗರ್‌ಹುಕುಂ ಭೂಮಿ ಸಕ್ರಮವಾಗಬೇಕಾದರೆ ನಮೂನೆ 57 ತುಂಬಿದ ರೈತ ವರ್ಷಗಟ್ಟಲೆ ಕಾಯಬೇಕು. ತಾವೋ, ಒಂದು ಅರ್ಜಿಯನ್ನೂ ಹಾಕದೆ ಸಾವನದುರ್ಗದ ತಪ್ಪಲು, ರಾಮದೇವರಬೆಟ್ಟದ ಬುಡ, ಕನಕಪುರದ ಕಾಡು, ಚನ್ನಪಟ್ಟಣದ ಹೊಲದ ಬದು ಎಲ್ಲವನ್ನೂ ಅನುಭವಕ್ಕೆ ತೆಗೆದುಕೊಂಡಿದ್ದೀರಿ. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಅದೇ ಬೆಂಗಳೂರು ದಕ್ಷಿಣವಾಯಿತು. ನಮ್ಮ ವಿಳಾಸ ಬದಲಾಯಿತು, ತಮ್ಮ ಸ್ವಾಧೀನ ಕದಲಲಿಲ್ಲ.

ತಮ್ಮ ತವರು ಉಷ್ಣವಲಯದ ಅಮೆರಿಕ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ಕರೆತಂದರು. ನಾವು ಬೇಲಿಗೆ ಕರೆದೆವು. ಬೇಲಿಯೇ ಎದ್ದು ಹೊಲ ಮೇಯುವುದು ಇಲ್ಲಿ ಗಾದೆಯಲ್ಲ, ತಮ್ಮ ದಿನಚರಿ.

ಅಂದವೇನೋ ನಿಜ. ಒಂದೇ ಗೊಂಚಲಿನಲ್ಲಿ ನಡುವೆ ಹಳದಿ, ಅಂಚಿಗೆ ಗುಲಾಬಿ. ಕೆಳಗೆ ನಾಲ್ಕು ಮೂಲೆಯ ಕಾಂಡ, ಅದರ ತುಂಬ ಕೊಕ್ಕೆಮುಳ್ಳು. ಪಂಚೆ ಸಿಕ್ಕಿದರೆ ಬಿಡಿಸಿಕೊಳ್ಳಲು ಇನ್ನೊಬ್ಬರು ಬೇಕು. ದನ ಎಲೆ ತಿಂದರೆ ಕಾಯಿಲೆ. ಕಪ್ಪು ಹಣ್ಣು ತಿಂದ ಪಿಕಳಾರಗಳು ಮಾತ್ರ ಕಮಿಷನ್ ಕೇಳದೆ ತಮ್ಮ ಬೀಜಕ್ಕೆ ಹೊಸ ಹೊಸ ಸೈಟು ತೋರಿಸುತ್ತವೆ. ಹುಲ್ಲು ಬೆಳೆಯುವ ಜಾಗದಲ್ಲಿ ತಮ್ಮ ಪೊದೆ, ಮೇವು ತಗ್ಗಿದ ಆನೆ ನಮ್ಮ ರಾಗಿಯಲ್ಲಿ, ನಾವು ಪರಿಹಾರದ ಸಾಲಿನಲ್ಲಿ!

ಬೇಸರ ಬೇಡ, ನಮ್ಮ ಕಡೆಯವರೂ ಕಮ್ಮಿಯಿಲ್ಲ. ಲೈಗೋಡಿಯಂ ಎಂಬ ಹಬ್ಬುವ ಜರೀಗಿಡ ಏಷ್ಯಾ, ಆಫ್ರಿಕಾಗಳಲ್ಲಿ ಮರ್ಯಾದೆಯಾಗಿಯೇ ಇತ್ತು. ಅಲಂಕಾರದ ಗಿಡವಾಗಿ ಫ್ಲೋರಿಡಾ ಸೇರಿದ್ದೇ ತಡ, ಗಾಳಿಗೆ ಬೀಜಾಣು ತೂರಿ, ಮರಗಳ ನೆತ್ತಿ ಮುಚ್ಚಿ, ಕಾಡುಬೆಂಕಿಗೆ ಏಣಿ ಹಾಕಿಕೊಟ್ಟಿತು. ಅದನ್ನು ತಿನ್ನುವ ಪತಂಗವನ್ನು ತವರಿನಿಂದ ತರಿಸಿ 2008ರಲ್ಲಿ ಅಲ್ಲಿ ಬಿಡಬೇಕಾಯಿತು. ಕಡಿಯುವ ಹುಳು ಜೊತೆಗಿರುವ ತನಕ ಯಾವ ಗಿಡವೂ ಸಭ್ಯವೇ.

ಆದ್ದರಿಂದ ದೂರು ತಮ್ಮ ಮೇಲಲ್ಲ. ಚೆಂದವೆಂದು ತಂದು ನೆಟ್ಟವರ ಮೇಲೆ, ಮೇಲುಮೇಲೆ ಸವರಿ ಬಿಲ್ಲು ಬರೆದವರ ಮೇಲೆ. ಸವರಿದರೂ ಸುಟ್ಟರೂ ಬುಡದಿಂದ ಚಿಗುರುವ ತಮಗೆ ಅದು ಕ್ಷೌರವಿದ್ದಂತೆ.

ಇತಿ,
ತಮ್ಮ ಒತ್ತುವರಿಯ ನೆರೆಯವನು

ವಿ.ಸೂ.: ಇದು ಓದುಗರಿಗೆ. ಹಣ್ಣಾಗುವ ಮೊದಲೇ ಅಗೆದು, ನೆಲದೊಳಗಿನ ಬುಡದ ಕೆಳಗೆ ಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ. ಖಾಲಿಯಾದ ಜಾಗಕ್ಕೆ ನಾಟಿ ಹುಲ್ಲಿನ ಬೀಜ ಚೆಲ್ಲಿ. ಮುಂದಿನ ಮಳೆಗೆ ಸಸಿ ಕೀಳಲು ಮತ್ತೆ ಬನ್ನಿ. ಒಂದೇ ಸಲ ಮಾಡಿ ಫೋಟೋ ತೆಗೆಸಿಕೊಳ್ಳುವ ಕೆಲಸ ಇದಲ್ಲ.